ಮಸ್ಕತ್ತಿನ ಗಿಳಿಗೆ ಮನೆ ಹುಡುಕಿದ ಪೆರ್ನಾಲ್

ಬಜ್ಪೆ

ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಕತ್ತರಿ ಕಸಿದುಕೊಂಡರು. ಕಸಿದುಕೊಂಡರು ಎಂದರೆ ಆ ಹುಡುಗಿಗೆ ಅನ್ಯಾಯ ಮಾಡಿದ ಹಾಗೆ. ಅವಳು ಬಹಳ ಮರ್ಯಾದೆಯಿಂದಲೇ ಹೇಳಿದಳು, "ಆಂಟಿ, ಇದನ್ನು ಕೈಚೀಲದಲ್ಲಿ ಕೊಂಡೋಗ್ಲಿಕ್ಕಿಲ್ಲ." ಪುತ್ತೂರಿನ ಹತ್ತಿರದ ಸವಣೂರು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು ನಾನು. ಬೀಗದ ಕೈ ಮರೆತು ಮನೆಯಿಂದ ಹೊರಟದ್ದುಂಟು, ಕತ್ತರಿ ಮರೆತು ಹೊರಟದ್ದಿಲ್ಲ.

"ವಿಮಾನದಲ್ಲಿ ನಾನು ಯಾರ ಅಂಗಿಯನ್ನೂ ಕತ್ತರಿಸುದಿಲ್ಲ ಮಗಾ," ಎಂದೆ. ಅವಳು ನಕ್ಕಳು. ಕತ್ತರಿ ಮಾತ್ರ ಕೊಡಲಿಲ್ಲ.

ಹೀಗೆ ಬರಿಗೈಯಲ್ಲಿ ನನ್ನ ಮೊದಲ ವಿದೇಶ ಪ್ರವಾಸ ಶುರುವಾಯಿತು. ತಮ್ಮ ಹನೀಫ್ ಮಸ್ಕತ್ತಿನ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಕಂಪನಿ ಬಾಗಿಲು ಹಾಕಿತು. ಇನ್ನು ವೀಸಾ ಕ್ಯಾನ್ಸಲ್ ಮಾಡಿಸಿ ಹೆಂಡತಿ ಶಾಹಿನಾ, ಮಗಳು ಮರಿಯಂ ಜೊತೆ ಊರಿಗೇ ಬರುವುದೆಂದು ಆಗಿತ್ತು. "ಮನೆ ಸಾಮಾನು ಕಟ್ಲಿಕ್ಕೆ ಶಾಹಿನಾಗೆ ಒಂದು ಕೈ ಬೇಕು ಅಕ್ಕ. ಪೆರ್ನಾಲಿಗೆ ಮೊದಲೇ ಬಾ, ಎಲ್ಲ ಒಟ್ಟಿಗೆ ಹೋಗುವ," ಎಂದು ಫೋನು ಮಾಡಿದ. ನಾವು ಬ್ಯಾರಿಗಳು ಈದ್ ಹಬ್ಬಕ್ಕೆ ಪೆರ್ನಾಲ್ ಅನ್ನುತ್ತೇವೆ. ಮನೆಯಲ್ಲಿ ನಾವು ಆಡುವುದೂ ಬ್ಯಾರಿ ಭಾಷೆಯೇ. ಇಲ್ಲಿ ಬರೆಯುವಾಗ ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ.

ಪೆಟ್ಟಿಗೆಯಲ್ಲಿ ಎಲ್ಲರಿಗೂ ಪೆರ್ನಾಲಿನ ಬಟ್ಟೆ ಇತ್ತು. ಒಂದೇ ತಾನಿನ ಬಟ್ಟೆಯಲ್ಲಿ ಮನೆಮಂದಿಗೆಲ್ಲ ಹೊಲಿಸುವುದು ಶಾಹಿನಾಳ ಪದ್ಧತಿ. ಈ ಸಲ ತಿಳಿ ನೀಲಿ. ಫೋನಿನಲ್ಲಿ ಅವಳು ಹೇಳಿದ್ದಳು, "ಸುಲ್ತಾನನಿಗೂ ಅದರಲ್ಲೇ ಎಂತಾದ್ರೂ ಮಾಡಿ ತಾ ಅಕ್ಕ. ಅವನನ್ನು ಬಿಟ್ಟು ನಾವು ಪೆರ್ನಾಲ್ ಮಾಡುದಿಲ್ಲ." ಅವರ ಮನೆಗೆ ಫೋನು ಮಾಡಿದಾಗಲೆಲ್ಲ ಹಿಂದಿನಿಂದ ಯಾರೋ ಸಲಾಂ ಹೇಳುವುದು ಕೇಳುತ್ತಿತ್ತು, ನಾನೂ ತಪ್ಪದೆ ಜವಾಬು ಕೊಡುತ್ತಿದ್ದೆ. ಆ ಸುಲ್ತಾನ ನೆರೆಮನೆಯ ಮಗುವಿರಬೇಕು, ಇವರನ್ನು ಹಚ್ಚಿಕೊಂಡಿದೆ ಅಂದುಕೊಂಡಿದ್ದೆ. ಅಳತೆ ಕೇಳಿದರೆ, "ಸಣ್ಣವ ಅಲ್ವಾ, ನಿನ್ನ ಅಂದಾಜು," ಎಂದಿದ್ದಳು. ಅಂದಾಜಿಗೆ ಒಂದು ಪುಟ್ಟ ಜುಬ್ಬಾ ಹೊಲಿದೆ. ಮಕ್ಕಳಿಗೆ ಪ್ರೀತಿ ಎಂದು ಎದೆಗೊಂದು ಕಿಸೆಯನ್ನೂ ಇಟ್ಟೆ.

ರೂವಿ

ಮಸ್ಕತ್ತಿನಲ್ಲಿ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಕಟ್ಟಡಗಳಲ್ಲ, ಕಾರಿನವರು. ರಸ್ತೆ ದಾಟಲು ನಿಂತೆ. ಕಾರೊಂದು ನಿಂತಿತು. ಅದು ಹೋಗಲಿ ಎಂದು ನಾನು ಕಾದೆ. ನಾನು ಹೋಗಲಿ ಎಂದು ಅವನು ಕಾದ. ನಾನು ಕೈ ಬೀಸಿ ಹೋಗು ಎಂದೆ, ಅವನೂ ಕೈ ಬೀಸಿ ಹೋಗು ಎಂದ. ಅವನ ಹಿಂದೆ ಸಾಲು ಬೆಳೆಯಿತು, ಒಬ್ಬರೂ ಹಾರ್ನ್ ಹಾಕಲಿಲ್ಲ. ಕೊನೆಗೆ ಹನೀಫ್ ನನ್ನ ತೋಳು ಹಿಡಿದು ಎಳೆದುಕೊಂಡು ಹೋದ. ಪುತ್ತೂರಿನ ಬಸ್‌ಸ್ಟ್ಯಾಂಡ್ ಎದುರು ಇಷ್ಟು ಮರ್ಯಾದೆ ಕಾಯುತ್ತಾ ನಿಂತರೆ ಸಂಜೆಗೂ ಆಚೆ ಬದಿ ಸೇರಲಿಕ್ಕಿಲ್ಲ.

ಹನೀಫನ ಮನೆ ರೂವಿಯ ಒಂದು ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ. ಬಾಗಿಲು ತೆರೆದ ಕೂಡಲೇ ಒಳಗಿನಿಂದ ಒಂದು ಗಂಡು ದನಿ, "ಅಸ್ಸಲಾಮು ಅಲೈಕುಂ." ನಾನು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಜವಾಬು ಕೊಟ್ಟೆ. ಯಾರೂ ಕಾಣಲಿಲ್ಲ. ಮತ್ತೆ ಸಲಾಂ ಬಂತು, ಮತ್ತೆ ಜವಾಬು ಕೊಟ್ಟೆ. ಆಗ ತಮ್ಮನ ಮಗಳು ಮರಿಯಂ, ಹೈಸ್ಕೂಲಿನ ವಯಸ್ಸಿಗೆ ಹತ್ತಿರವಾದ ಹುಡುಗಿ, ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು. ಕಿಟಕಿಯ ಪಕ್ಕದ ಪಂಜರದಲ್ಲಿ ಬೂದಿ ಬಣ್ಣದ, ಕೆಂಪು ಬಾಲದ ಒಂದು ಗಿಳಿ ತಲೆ ಓರೆ ಮಾಡಿ ನನ್ನನ್ನು ಕೂಲಂಕಷವಾಗಿ ಪರೀಕ್ಷೆ ಮಾಡುತ್ತಿತ್ತು. ಆಫ್ರಿಕದ ಜಾತಿಯಂತೆ, ಅರಬರು ಕಾಸ್ಕೊ ಅನ್ನುತ್ತಾರೆ.

"ಇವನೇ ಸುಲ್ತಾನ, ಮಾಮಿ."

ಪೆಟ್ಟಿಗೆಯಿಂದ ಕಿಸೆ ಇರುವ ಜುಬ್ಬಾ ಹೊರಗೆ ಬಂದಾಗ ಆ ಮನೆಯಲ್ಲಿ ಎದ್ದ ನಗುವನ್ನು ನಾನು ವರ್ಣಿಸುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಪಂಜರದ ಮುಸುಕು. ಪ್ರತಿ ಪೆರ್ನಾಲಿಗೆ ಮನೆಯವರ ಬಟ್ಟೆಯಲ್ಲೇ ಪಂಜರಕ್ಕೂ ಒಂದು ಹೊಸ ಮುಸುಕು ಹೊಲಿಸುತ್ತಾರಂತೆ. ಶಾಹಿನಾಳ ಅಡುಗೆಮನೆಯ ಕತ್ತರಿ ಕೇಳಿ ತೆಗೆದುಕೊಂಡು, ನಾನೇ ಹೊಲಿದ ಜುಬ್ಬಾವನ್ನು ನಾನೇ ಬಿಚ್ಚಲು ಕೂತೆ. ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ಬಿಚ್ಚುತ್ತಾ ಇರುವಾಗ ಇನ್ನೊಂದು ವಿಷಯವೂ ಬಿಚ್ಚಿಕೊಂಡಿತು. ಈ ಕೆಲವು ವರ್ಷಗಳಲ್ಲಿ ಹನೀಫ್ ಒಬ್ಬನೇ ಊರಿಗೆ ಬಂದು ಹೋಗುತ್ತಿದ್ದ. ಹೆಂಡತಿ ಮಗಳನ್ನು ಯಾಕೆ ಕರೆತರಲಿಲ್ಲ ಎಂದರೆ ಶಾಲೆ, ರಜೆ, ಟಿಕೆಟು ಎಂದು ಏನಾದರೊಂದು ಹೇಳುತ್ತಿದ್ದ. ನಿಜವಾದ ಕಾರಣ ಪಂಜರದಲ್ಲಿ ಕೂತಿತ್ತು. ಒಮ್ಮೆ ಎಲ್ಲರೂ ಊರಿಗೆ ಬಂದಾಗ ಸುಲ್ತಾನನನ್ನು ಒಬ್ಬ ಪರಿಚಯದವರ ಮನೆಯಲ್ಲಿ ಬಿಟ್ಟಿದ್ದರು. ಅವನು ಯಾರ ಕೈಯಿಂದಲೂ ತಿನ್ನಲಿಲ್ಲ. ತನ್ನ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಂಡ. ಇವರು ಹಿಂದಿರುಗುವಾಗ ಎದೆ ಬೋಳಾಗಿ, ಅಂಗಡಿಯಲ್ಲಿ ಸುಲಿದ ಕೋಳಿಯ ಹಾಗೆ ಕೂತಿದ್ದನಂತೆ. ಅಂದಿನಿಂದ ಮರಿಯಂ ಅವನನ್ನು ಬಿಟ್ಟು ಎಲ್ಲಿಗೂ ಹೊರಡಲಿಲ್ಲ.

ನನಗೆ ಸಿಟ್ಟು ಬಂತು. ಯಾಕೆ ಬರಬಾರದು? ಮಗುವಾಗಿದ್ದಾಗ ನೋಡಿದ ಹುಡುಗಿಯನ್ನು ನಾನು ಫೋನಿನ ಗಾಜಿನಲ್ಲೇ ನೋಡಿಕೊಂಡು ಇದ್ದೆ, ಒಂದು ಹಕ್ಕಿಗಾಗಿ! ನಮ್ಮಲ್ಲಿ ಗಿಳಿ ಅಂದರೆ ಪೇರಳೆ ಮರದಲ್ಲಿ ಕಿರುಚುತ್ತಾ ಹಣ್ಣಿಗಿಂತ ಹೆಚ್ಚು ಕಸ ಉದುರಿಸಿ ಹೋಗುವಂಥದ್ದು. ಹಿಡಿದು ಪಂಜರದಲ್ಲಿಟ್ಟರೆ ಫಾರೆಸ್ಟಿನವರು ಮನೆಬಾಗಿಲಿಗೆ ಬರುತ್ತಾರೆ. ಬರಬೇಕಾದದ್ದೇ.

"ನೀನು ಯಾಕೆ ನನ್ನತ್ರ ಹೇಳ್ಲಿಲ್ಲ?" ಎಂದು ಹನೀಫನನ್ನು ಕೇಳಿದೆ.

"ಹೇಳಿದ್ರೆ ನೀನು ಸುಮ್ಮನೆ ಇರ್ತಿದ್ಯಾ?"

ಇರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿದೆ.

ಪೆರ್ನಾಲ್

ನಮ್ಮೂರಲ್ಲಿ ಚಂದ್ರ ಕಂಡಿತೋ ಇಲ್ಲವೋ ಎಂಬ ವಾದ ಮುಗಿಯುವಷ್ಟರಲ್ಲಿ ಅರ್ಧ ಅಡುಗೆ ಆಗಿರುತ್ತದೆ. ಇಲ್ಲಿ ಟಿ.ವಿ.ಯಲ್ಲಿ ಒಂದು ಮಾತು ಹೇಳಿದರು, ಮುಗಿಯಿತು. ಬೆಳಿಗ್ಗೆ ಗಂಡಸರು ಬಿಳಿ ನಿಲುವಂಗಿ, ಸೊಂಟಕ್ಕೆ ಬೆಳ್ಳಿಯ ಕಠಾರಿ ಸಿಕ್ಕಿಸಿಕೊಂಡು ಹೋಗುವುದನ್ನು ನೋಡಬೇಕು. ಪುಟ್ಟ ಹುಡುಗರೂ ಹಾಗೆಯೇ. ನನ್ನ ಕತ್ತರಿಗೆ ಇಲ್ಲದ ಮರ್ಯಾದೆ ಇಲ್ಲಿ ಕಠಾರಿಗೆ ಉಂಟು ಎಂದು ಮನಸ್ಸಿನಲ್ಲೇ ಗೊಣಗಿದೆ.

ಮನೆಯೊಳಗಿನ ಪೆರ್ನಾಲ್ ಸುಲ್ತಾನನಿಂದ ಶುರು. ನಮಾಜು ಮುಗಿಸಿ ಬಂದ ಹನೀಫ್ ಪಂಜರದ ಎದುರು ನಿಂತು ಅಲ್ಲಾಹು ಅಕ್ಬರ್ ಎಂದು ಹಬ್ಬದ ತಕ್ಬೀರ್ ಹೇಳಿದ. ಗಿಳಿ ರೆಕ್ಕೆ ಬಿಡಿಸಿ, ಮೈ ಉಬ್ಬಿಸಿ ಅದನ್ನೇ ಹೇಳಿತು, ಅರ್ಧ ಹೇಳಿ ಉಳಿದರ್ಧಕ್ಕೆ ಪ್ರೆಷರ್ ಕುಕ್ಕರಿನ ಸೀಟಿ ಹಾಕಿತು. ದೇವರು ಕ್ಷಮಿಸಲಿ ಎಂದು ನಾನು "ಅಸ್ತಗ್‌ಫಿರುಲ್ಲಾ" ಎಂದೆ. ಅದನ್ನೂ ಹೇಳಿತು, ಥೇಟ್ ನನ್ನದೇ ಸಿಡುಕಿನಲ್ಲಿ.

ಅವನಿಗೆ ಬೇರೆ ತಟ್ಟೆ. ದಾಳಿಂಬೆ, ಖರ್ಜೂರದ ಚೂರು, ಉಪ್ಪಿಲ್ಲದೆ ಬೇಯಿಸಿದ ಕಡಲೆ. ನಾವು ನೆಯ್‌ಚೋರು ಎಂಬ ತುಪ್ಪದ ಅನ್ನ, ಕೋಳಿ ಸಾರು ಬಡಿಸಿಕೊಂಡು ಕೂತೆವು. ಅವನ ತಟ್ಟೆಯಲ್ಲಿ ಮೊದಲ ಚೂರು ಮರಿಯಂ ಎತ್ತಿ ಕೊಡುವವರೆಗೆ ಮನೆಯಲ್ಲಿ ಯಾರೂ ತಮ್ಮ ತಟ್ಟೆಗೆ ಕೈ ಹಾಕುವ ಹಾಗಿಲ್ಲ. ಅವನು ಒಂದು ಕಾಲಿನಲ್ಲಿ ಚೂರನ್ನು ಹಿಡಿದು, ತಿರುಗಿಸಿ ನೋಡಿ, ನಿಧಾನವಾಗಿ ತಿಂದ. ಆಮೇಲೆ ಶಾಹಿನಾಳ ದನಿಯಲ್ಲಿ, "ಮರಿಯಂ, ಬಾ," ಎಂದ. ಹುಡುಗಿ "ಇಲ್ಲೇ ಇದ್ದೇನಲ್ಲ ಮಾರಾಯ," ಎಂದು ಅವನ ಕೊಕ್ಕಿಗೆ ಹಣೆ ಹಚ್ಚಿದಳು. ನನ್ನ ಸಿಟ್ಟು ಅಲ್ಲಿಗೆ ಸ್ವಲ್ಪ ಇಳಿಯಿತು ಎಂದು ಒಪ್ಪಿಕೊಳ್ಳಬೇಕು.

ಊಟ ಆದ ಮೇಲೆ ಶಾಹಿನಾ ನನ್ನನ್ನು ಅಡುಗೆಮನೆಗೆ ಕರೆದಳು. ಗಿಳಿಯನ್ನು ಊರಿಗೆ ತರುವ ಬಗ್ಗೆ ಹನೀಫ್ ಎಲ್ಲ ಕಡೆ ವಿಚಾರಿಸಿದ್ದ. ಆಗುವುದಿಲ್ಲ, ಅದಕ್ಕೆ ಬೇಕಾದ ಕಾಗದಪತ್ರ ಸಿಗುವುದಿಲ್ಲ. ಮಾರುವ ಮಾತನ್ನು ಶಾಹಿನಾ ಒಪ್ಪುವುದಿಲ್ಲ. ಹೊರಡುವುದಕ್ಕೆ ಉಳಿದಿದ್ದದ್ದು ಒಂದು ವಾರ.

"ಅವನು ಕೈಯಿಂದ ತಿನ್ನುವಂಥ ಒಂದು ಮನೆ ಸಿಗ್ಬೇಕು ಅಕ್ಕ. ಸಿಗದಿದ್ರೆ ಅವನು ಸಾಯ್ತಾನೆ. ಅವನು ಸತ್ರೆ ಮರಿಯಂ ನಮ್ಮನ್ನು ಕ್ಷಮಿಸುದಿಲ್ಲ. ಊರನ್ನೂ ಕ್ಷಮಿಸುದಿಲ್ಲ."

ಅವಳ ಕೈಯಲ್ಲಿ ಪಾತ್ರೆ ಉಜ್ಜುವ ನಾರು ಇತ್ತು, ಉಜ್ಜುವುದಕ್ಕೆ ಪಾತ್ರೆ ಇರಲಿಲ್ಲ.

ಅಲ್ ಖುವೈರ್

ಪೆರ್ನಾಲಿನ ದಿನ ನಾಲ್ಕು ಮನೆಗೆ ಹೋಗಿ ಬರುವುದು ಎಲ್ಲ ಕಡೆಯೂ ಇದ್ದದ್ದೇ. ನಾವು ಪಂಜರ ಹಿಡಿದುಕೊಂಡು ಹೋದೆವು. ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣು ನೋಡಲು ಹೋಗುವುದು ಹೇಗೋ ಹಾಗೆ, ಇದು ಮನೆ ನೋಡುವ ಸವಾರಿ.

ಮೊದಲಿಗೆ ಅಲ್ ಖುವೈರ್‌ನಲ್ಲಿರುವ ಹನೀಫನ ಗೆಳೆಯ ಜೋಸೆಫ್. ಕಡಬದವರು, ರಬ್ಬರ್ ತೋಟದ ಮನೆಯಿಂದ ಬಂದವರು. ಅವರ ಹೆಂಡತಿ ಲಿಸ್ಸಿ ಇಲ್ಲಿ ನರ್ಸ್. ನಾನು ಪುತ್ತೂರು ಕಡೆಯವಳೆಂದು ಕೇಳಿದ ಕೂಡಲೇ ಜೋಸೆಫ್ ಕುರ್ಚಿ ಎಳೆದು ಹತ್ತಿರ ಕೂತು, ಕಡಬ ಪೇಟೆಯಲ್ಲಿ ಈಗ ಜೀಪು ನಿಲ್ಲುವುದೆಲ್ಲಿ, ಯಾವ ಹೋಟೆಲು ಮುಚ್ಚಿತು, ಯಾವುದು ಉಂಟು ಎಂದು ಒಂದೊಂದಾಗಿ ಕೇಳಿದರು. ಊರಿನಲ್ಲಿದ್ದಾಗ ಕಡಬದವರೂ ಸವಣೂರಿನವರೂ ಒಂದೇ ಬಸ್ಸಿನಲ್ಲಿ ಕೂತು ಮಾತಾಡದೆ ಹೋಗುತ್ತೇವೆ. ಸಮುದ್ರ ದಾಟಿದರೆ ನೆಂಟರು.

ಗಂಡ ಹೆಂಡತಿ ಇಬ್ಬರಿಗೂ ಸುಲ್ತಾನನೆಂದರೆ ಆಸೆ. ಕ್ರಿಸ್‌ಮಸ್ಸಿಗೆ ಅವರ ಮನೆಗೂ ಅವನು ಹೋಗಿ ಬರುವುದುಂಟು, ಗೋದಲಿಯ ಒಂಟೆಯ ಕಿವಿ ಕಚ್ಚಿ ಹಾಕಿದವನು ಇವನೇ. ಆದರೆ ಈ ಸಲ ಮರಿಯಂ ಪಂಜರ ಇಟ್ಟು ಹೊರಗೆ ಹೋಗಿ ನಿಂತಳು. ಜೋಸೆಫ್ ಬೆರಳ ತುದಿಯಲ್ಲಿ ಸೇಬಿನ ಚೂರು ಹಿಡಿದರು. ಸುಲ್ತಾನ ಚೂರನ್ನು ಬಿಟ್ಟು ಬೆರಳನ್ನು ಹಿಡಿದ. ಲಿಸ್ಸಿ ಕೊಟ್ಟದ್ದನ್ನು ತೆಗೆದುಕೊಂಡು ಕೆಳಗೆ ಹಾಕಿದ. ಆಮೇಲೆ ಬೆನ್ನು ತಿರುಗಿಸಿ ಕೂತ.

ಬೆರಳಿಗೆ ಬಟ್ಟೆ ಸುತ್ತಿಸಿಕೊಳ್ಳುತ್ತಾ ಜೋಸೆಫ್ ಹೇಳಿದರು, "ಇವನು ನೆಂಟನಾಗಿ ಬರುದು ಮಾತ್ರ ಮಾರಾಯ. ನಿಲ್ಲುವ ಜನ ಅಲ್ಲ."

ಎರಡನೆಯದು ಹನೀಫನ ಕಂಪನಿಯಲ್ಲಿ ಮೇಲಧಿಕಾರಿಯಾಗಿದ್ದ ಒಬ್ಬ ಒಮಾನಿಯ ಬಂಗಲೆ. ಅಲ್ಲಿ ಹಕ್ಕಿಗಳಿಗೇ ಒಂದು ಮನೆ, ಅದಕ್ಕೂ ಎ.ಸಿ. ನಮ್ಮ ಸವಣೂರಿನಲ್ಲಿ ಬ್ಯಾಂಕಿಗೆ ಹೋದರೆ ಮಾತ್ರ ಸಿಗುವ ತಂಪು. ಬಣ್ಣಬಣ್ಣದ ಹಕ್ಕಿಗಳ ನಡುವೆ ಸುಲ್ತಾನ ಮೈ ಮುದುಡಿ ನಡುಗಲು ಶುರು ಮಾಡಿದ. ಇಷ್ಟು ವರ್ಷ ಮನುಷ್ಯರ ನಡುವೆ ಬಾಳಿದವನಿಗೆ ಹಕ್ಕಿಗಳೇ ಪರಕೀಯರು. ಆ ಒಮಾನಿ ಒಳ್ಳೆಯವರು. "ಇದಕ್ಕೆ ಪಂಜರ ಸಾಲದು, ಸಂಸಾರ ಬೇಕು," ಎಂದು ಅವರೇ ನಮ್ಮನ್ನು ವಾಪಸು ಕಳಿಸಿದರು.

ಬರುವಾಗ ಕಾರಿನಲ್ಲಿ ಮರಿಯಂ ತಿಳಿ ನೀಲಿ ಮುಸುಕಿನೊಳಗೆ ಕೈ ಹಾಕಿ ಕೂತಿದ್ದಳು.

ಅಡುಗೆಮನೆಯ ಕಿಟಕಿ

ಮರುದಿನ ಇಳಿಹೊತ್ತು, ಅಸರ್ ನಮಾಜಿನ ಸಮಯ. ಮಧ್ಯಾಹ್ನ ಉಂಡು ಈ ಮನೆಯವರೆಲ್ಲ ಮಲಗುತ್ತಾರೆ. ಮಲಗುವ ಮೊದಲು ಸುಲ್ತಾನನಿಗೆ ಬಿಸಿಲು ಕಾಣಲಿ ಎಂದು ಪಂಜರವನ್ನು ಅಡುಗೆಮನೆಯ ಎತ್ತರದ ಕಿಟಕಿಯ ಹಲಗೆಯ ಮೇಲೆ ಇಡುತ್ತಾರೆ. ಎ.ಸಿ. ಇರುವ ಮನೆಯಲ್ಲಿ ತೆರೆದಿಡುವ ಕಿಟಕಿ ಅದೊಂದೇ. ನನಗೆ ಹಗಲು ನಿದ್ದೆ ಬರುವುದಿಲ್ಲ. ಗಾಜಿನ ಲೋಟಗಳನ್ನು ಕಾಗದದಲ್ಲಿ ಸುತ್ತುತ್ತಾ ಕೂತಿದ್ದೆ.

ಟಣ್, ಟಣ್, ಟಟಣ್.

ಸುಲ್ತಾನ ಈ ಶಬ್ದ ಮಾಡುವುದನ್ನು ಮೊದಲೂ ಕೇಳಿದ್ದೆ. ಲಿಫ್ಟಿನ ಶಬ್ದ ಕಲಿತಿದ್ದಾನೆ ಎಂದು ಶಾಹಿನಾ ಹೇಳಿದ್ದಳು. ಆದರೆ ಈಗ ಶಬ್ದ ಎರಡು ಕಡೆಯಿಂದ ಬರುತ್ತಿತ್ತು. ಹೊರಗಿನಿಂದ ಟಣ್ ಟಣ್ ಟಟಣ್. ಗಿಳಿ ತಲೆ ಬಗ್ಗಿಸಿ ಕೇಳಿ, ತಾನೂ ಟಣ್ ಟಣ್ ಟಟಣ್. ಹೊರಗಿನದು ನಿಂತಿತು, ಒಂದು ಕೆಮ್ಮು ಕೇಳಿಸಿತು. ಗಿಳಿಯೂ ಕೆಮ್ಮಿತು.

ಲಿಫ್ಟು ಕೆಮ್ಮುವುದಿಲ್ಲ. ನಾನು ಸ್ಟೂಲು ಹತ್ತಿದೆ.

ಕೆಳಗೆ ನಮ್ಮ ಕಟ್ಟಡದ ಹಿಂಬದಿಗೆ ತಾಗಿಕೊಂಡ ಒಂದು ಹಳೆಯ ಮನೆಯ ಅಂಗಳ. ಬಣ್ಣದ ಸೆರಗು ಹೊದ್ದ ಒಬ್ಬ ಮುದುಕಿ ಚಾಪೆಯ ಮೇಲೆ ಕೂತು ಹಿತ್ತಾಳೆಯ ಕುಟ್ಟಾಣಿಯಲ್ಲಿ ಖಾವಾಕ್ಕೆ, ಅಂದರೆ ಇಲ್ಲಿಯವರ ಕಾಫಿಗೆ, ಏಲಕ್ಕಿ ಕುಟ್ಟುತ್ತಿದ್ದಳು. ತಲೆ ಎತ್ತಿ ನೋಡಿದಳು. ಪಂಜರದ ಪಕ್ಕದಲ್ಲಿ ನನ್ನ ಮುಖ ಕಂಡು ಒಂದು ಕ್ಷಣ ಗಾಬರಿಯಾಗಿ, ಆಮೇಲೆ ಕುಟ್ಟಾಣಿಯ ಕೋಲು ಎತ್ತಿ ಗಿಳಿಯ ಕಡೆ ತೋರಿಸಿ ಏನೋ ಹೇಳಿದಳು. ಅದು ಬೈಗುಳವೋ ಕುಶಲವೋ ನನಗೆ ತಿಳಿಯಲಿಲ್ಲ, ಸುಲ್ತಾನನಿಗೆ ತಿಳಿಯಿತು. ಅವನು ಪಂಜರದ ಸರಳಿಗೆ ಮೈ ಒತ್ತಿ, ಗಂಟಲಿನೊಳಗೇ ಗುಣುಗುಣು ಎಂದ.

ಶಾಹಿನಾಳನ್ನು ಎಬ್ಬಿಸಿದೆ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ಏಳು, ನಿನ್ನ ಲಿಫ್ಟು ಕೆಳಗೆ ಕೂತು ಖಾವಾ ಕುಡೀತಾ ಉಂಟು."

ಬೀಬಿಯ ಅಂಗಳ

ಅವಳನ್ನು ಎಲ್ಲರೂ ಬೀಬಿ ಅನ್ನುತ್ತಾರೆ. ಕಟ್ಟಡದ ಯಜಮಾನನ ತಾಯಿ. ಹುಟ್ಟಿ ಬೆಳೆದದ್ದು ಜಾಂಜಿಬಾರಿನಲ್ಲಿ. ಹಳೆಯ ಒಮಾನಿಗಳಲ್ಲಿ ಎಷ್ಟೋ ಜನರಿಗೆ ಆಚೆ ದಡದ ಆ ನಂಟು ಉಂಟು. ಮನೆ ತುಂಬ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಬೀಬಿ ಗದರಿಸಿದರೆ ಎಲ್ಲರ ಬಾಯಿಗೂ ಬೀಗ. ಅವಳಿಗೆ ಮುರುಕು ಹಿಂದಿ ಬರುತ್ತಿತ್ತು, ನನ್ನದೂ ಮುರುಕೇ. ಎರಡು ಮುರುಕು ಸೇರಿ ಮಾತು ಗಟ್ಟಿಯಾಗಿಯೇ ನಡೆಯಿತು.

"ಆ ಮೇಲಿನ ಕಾಸ್ಕೊ ನಿಮ್ಮದಾ? ನಾನು ಕುಟ್ಟಲು ತಡ ಮಾಡಿದರೆ ಬೈಯುತ್ತಾನೆ," ಎಂದಳು ಬೀಬಿ. ಅವಳ ತಂದೆಯ ಮನೆಯಲ್ಲೂ ಇಂಥ ಗಿಳಿ ಇತ್ತಂತೆ. ಅದರ ಕಥೆ ಹೇಳುತ್ತಾ ನಮ್ಮ ಕೈಗೆ ಹಲ್ವಾ ಇಟ್ಟಳು. ಒಮಾನಿನ ಹಲ್ವಾ ನಮ್ಮ ಹಾಗೆ ತುಂಡು ಮಾಡಿದ್ದಲ್ಲ, ಬಟ್ಟಲಿನಿಂದ ಬೆರಳಲ್ಲೇ ಎತ್ತಿ ತಿನ್ನಬೇಕು. ನನ್ನ ಬೆರಳಿಗೆ ಹತ್ತಿದ್ದು ಬಾಯಿಗಿಂತ ಹೆಚ್ಚಾಗಿ ಸೆರಗಿಗೆ ಹೋಯಿತು.

ಹನೀಫ್ ಹೋಗಿ ಪಂಜರ ತಂದ. ಮರಿಯಂ ಅಂಗಳದ ಬಾಗಿಲಲ್ಲಿ ನಿಂತಳು. ಸುಲ್ತಾನ ಮೊದಲು ಸುಮ್ಮನಿದ್ದ. ಬೀಬಿ ಅವಸರ ಮಾಡಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಏಲಕ್ಕಿ ಕುಟ್ಟಿದಳು. ಅವನು ಕುಟ್ಟಾಣಿಯನ್ನು ನೋಡಿದ, ಅವಳ ಕೈಯನ್ನು ನೋಡಿದ. ಇಷ್ಟು ವರ್ಷ ಮೇಲಿನಿಂದ ಕೇಳಿದ ಶಬ್ದ ಹತ್ತಿರದಲ್ಲಿ ಹೇಗಿರುತ್ತದೆ ಎಂದು ಅಳೆಯುತ್ತಿದ್ದನೋ ಏನೋ. ಆಮೇಲೆ, ಟಣ್, ಟಣ್, ಟಟಣ್ ಎಂದ. ಬೀಬಿ ನಕ್ಕು, ಖರ್ಜೂರದ ಒಂದು ಎಳೆ ಹರಿದು ಪಂಜರದ ಬಾಗಿಲಲ್ಲಿ ಹಿಡಿದಳು.

ಸುಲ್ತಾನ ಮರಿಯಂಳ ಕಡೆ ನೋಡಿದ. ಆಮೇಲೆ ಬೀಬಿಯ ಕೈಯಿಂದ ತೆಗೆದುಕೊಂಡು ತಿಂದ.

ಶಾಹಿನಾ ಬಿಕ್ಕಿ ಅತ್ತಳು. ಹನೀಫ್ ದೇವರನ್ನು ನೆನೆದ. ಮರಿಯಂ ಅಲ್ಲಿ ಇರಲಿಲ್ಲ. ಹೋಗಿ ನೋಡಿದರೆ ಓಣಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹತ್ತಿರ ಹೋದೆ.

"ತಿಂದ ಅಲ್ವಾ ಮಾಮಿ?"

"ತಿಂದ."

"ಅವನು ತಿನ್ಬೇಕು ಅಂತ ಬೆಳಿಗ್ಗೆಯಿಂದ ದುಆ ಮಾಡ್ತಿದ್ದೆ. ತಿನ್ನುವಾಗ, ತಿನ್ನದಿದ್ರೆ ಒಳ್ಳೇದಿತ್ತು ಅಂತ ಆಯ್ತು. ನಾನು ಕೆಟ್ಟವಳಾ?"

ನನಗೆ ಹೇಳಲು ಬಂದದ್ದು ಇಷ್ಟೇ, "ಕೆಟ್ಟವಳಾಗಿದ್ರೆ ನೀನು ದುಆ ಮಾಡ್ತಾನೇ ಇರ್ಲಿಲ್ಲ." ಅವಳನ್ನು ಅಪ್ಪಿಕೊಂಡೆ. ಫೋನಿನ ಗಾಜಿನಲ್ಲಿ ನೋಡಿದ ಆ ಮುಖ ನನ್ನ ಹೆಗಲಲ್ಲಿ ಒದ್ದೆಯಾಯಿತು. ನನ್ನ ಸಿಟ್ಟು ಹೋದದ್ದು ಎಲ್ಲಿ ಎಂದು ಹುಡುಕಿದರೂ ಸಿಗಲಿಲ್ಲ.

ಮದುಮಗನ ದಿಬ್ಬಣ

ಮರುದಿನವೇ ಬಿಟ್ಟು ಬರುವುದೆಂದು ಆಯಿತು. ಹೊರಡುವ ಮೊದಲು ಅವನು ಅಲ್ಲಿ ಒಗ್ಗುತ್ತಾನೋ ಇಲ್ಲವೋ ನೋಡಬೇಕಲ್ಲ. ಹನೀಫ್ ಪಂಜರ ಎತ್ತಿಕೊಂಡು ಸುಮ್ಮನೆ ಮೆಟ್ಟಿಲಿಳಿಯಲು ಹೊರಟ. ಕಳ್ಳನ ಹಾಗೆ. ನಾನು ತಡೆದೆ.

"ಇದೆಂತ, ಕಸ ಬಿಸಾಡ್ಲಿಕ್ಕೆ ಹೋಗುದಾ? ಗಂಡು ಮಗ ಮನೆಯಿಂದ ಹೋಗುದು. ಪುದಿಯಾಪ್ಲೆಯ ಹಾಗೆ ಹೋಗ್ಬೇಕು."

ಪುದಿಯಾಪ್ಲೆ ಅಂದರೆ ಮದುಮಗ. ನಮ್ಮ ಬ್ಯಾರಿಗಳಲ್ಲಿ ಮದುಮಗ ಹೆಂಡತಿಯ ಮನೆಗೆ ಹೋಗುವುದೆಂದರೆ ಅದೊಂದು ದರ್ಬಾರು. ಜೊತೆಗೆ ಮಂದಿ, ಕೈಯಲ್ಲಿ ತಟ್ಟೆ, ಅತ್ತೆ ಮನೆಯಲ್ಲಿ ಅವನಿಗೆ ಇಡೀ ಕೋಳಿ. ನಮ್ಮಲ್ಲಿ ಹೆಣ್ಣು ಮಾತ್ರ ಅಲ್ಲ, ಗಂಡೂ ಇನ್ನೊಂದು ಮನೆಗೆ ಹೋಗುವವನೇ. ಅದರಲ್ಲಿ ಅಳುವಂಥದ್ದು ಏನೂ ಇಲ್ಲ ಎಂದು ಮರಿಯಂಳಿಗೆ ಹೇಳಿದೆ. ಅವಳು ಕಣ್ಣೊರಸಿಕೊಂಡು, "ಹಾಗಾದ್ರೆ ನಾನು ಗಂಡಿನ ಕಡೆಯವಳು," ಎಂದಳು.

ಜೋಸೆಫ್ ಬೆರಳಿನ ಪಟ್ಟಿಯೊಂದಿಗೆ ಬಂದರು, ಲಿಸ್ಸಿಯೂ ಬಂದಳು. ಪಂಜರಕ್ಕೆ ನೀಲಿ ಮುಸುಕು. ಜುಬ್ಬಾದ ಕಿಸೆಯನ್ನು ಬಿಚ್ಚದೆ ಮುಸುಕಿನ ಮೇಲೆ ಹಾಗೆಯೇ ಉಳಿಸಿದ್ದೆ, ಮರಿಯಂ ಅದರಲ್ಲಿ ಅವನಿಗೆ ಪ್ರೀತಿಯ ಒಂದು ಮರದ ಗುಂಡು ಇಟ್ಟಳು. ಶಾಹಿನಾ ಹಣ್ಣಿನ ತಟ್ಟೆ ಹಿಡಿದಳು. ಮನೆಯವರೆಲ್ಲ ಒಂದೇ ತಾನಿನ ಬಟ್ಟೆಯಲ್ಲಿ ಮೆಟ್ಟಿಲಿಳಿದೆವು. ಕೆಳಗಿನ ಅಂಗಡಿಯ ಬಂಗಾಳಿ ಏನೆಂದು ಕೇಳಿದ, ಜೋಸೆಫ್ "ಮದುವೆ" ಎಂದರು. ಅವನು ಚಪ್ಪಾಳೆ ತಟ್ಟಿದ. ಮುಸುಕಿನೊಳಗಿನಿಂದ ಮದುಮಗ ಎಲ್ಲರಿಗೂ ಸಲಾಂ ಹೇಳುತ್ತಾ ಹೋದ, ದಾರಿಯವರೆಲ್ಲ ಜವಾಬು ಕೊಟ್ಟರು.

ಬೀಬಿಯ ಬಾಗಿಲಲ್ಲಿ ಸೊಸೆಯೊಬ್ಬಳು ಊದಿನ ಹೊಗೆ ಹಾಕಿ ಎದುರುಗೊಳ್ಳಲು ಬಂದಳು. ಇಲ್ಲಿ ನೆಂಟರನ್ನು ಹೊಗೆಯಿಂದ ಕರೆಯುವುದೇ ದೊಡ್ಡ ಗೌರವ. ಮರಿಯಂ ಓಡಿ ಅಡ್ಡ ನಿಂತಳು. "ಹೊಗೆ ಬೇಡ, ಅವನ ಉಸಿರಿಗೆ ಆಗುದಿಲ್ಲ!" ಭಾಷೆ ಅವರಿಗೆ ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ಬೀಬಿ ಊದಿನ ಪಾತ್ರೆಯನ್ನು ಓಣಿಯ ಆಚೆ ತುದಿಗೆ ಕಳಿಸಿದಳು. ಇನ್ನು ಈ ಮನೆಯೊಳಗೆ ಊದು ಹಾಕುವ ಹಾಗಿಲ್ಲ ಎಂದು ಅಲ್ಲೇ ಸೊಸೆಯಂದಿರಿಗೆ ಅಪ್ಪಣೆ ಮಾಡಿದಳು. ಒಮಾನಿ ಮನೆಯಲ್ಲಿ ಊದು ಬೇಡ ಎನ್ನುವುದು ನಮ್ಮ ಮನೆಯಲ್ಲಿ ತೆಂಗಿನಕಾಯಿ ಬೇಡ ಅಂದ ಹಾಗೆ. ನನಗೆ ಆಗ ಪೂರ್ತಿ ಧೈರ್ಯ ಬಂತು.

ಹೊರಡುವಾಗ ಬೀಬಿ ಮರಿಯಂಳ ಗಲ್ಲ ಹಿಡಿದು, ನಿಧಾನವಾಗಿ, ನಾನು ಅವಳಿಗೆ ಹೇಳಲಿ ಎಂದು ತಡೆತಡೆದು ಮಾತಾಡಿದಳು. "ನೀನು ಇನ್ನು ಬರಬೇಡ. ನಿನ್ನ ದನಿಯೂ ಅವನಿಗೆ ಕೇಳಬಾರದು. ಕೇಳಿದರೆ ಕಾಯುತ್ತಾನೆ. ಕಾಯುವ ಹಕ್ಕಿ ತಿನ್ನುವುದಿಲ್ಲ."

ನಾನು ಅದನ್ನು ನಮ್ಮ ಮಾತಿಗೆ ತಂದು ಹೇಳಿದೆ. ಮರಿಯಂ ತಲೆಯಾಡಿಸಿದಳು.

ಮೆಲುದನಿಯ ಮನೆ

ಆಮೇಲಿನ ದಿನಗಳಲ್ಲಿ ನಾವು ನಮ್ಮ ಮನೆಯಲ್ಲೇ ಪಿಸುಗುಟ್ಟುತ್ತಾ ಬದುಕಿದೆವು. ಅಡುಗೆಮನೆಯ ಕಿಟಕಿ ಹಾಕಿದರೂ ಹಳೆಯ ಕಟ್ಟಡ, ಸಂದಿನಲ್ಲಿ ಶಬ್ದ ನುಸುಳುತ್ತದೆ. ಪಾತ್ರೆ ಬೀಳದ ಹಾಗೆ, ಪೆಟ್ಟಿಗೆ ಎಳೆಯದ ಹಾಗೆ ಕೆಲಸ. ಬ್ಯಾರಿ ಮನೆಯಲ್ಲಿ ಮೆಲ್ಲಗೆ ಮಾತಾಡುವುದು ಎಷ್ಟು ಕಷ್ಟ ಎಂದು ಬ್ಯಾರಿಗಳಿಗೇ ಗೊತ್ತು. ನಾವು 'ಉಪ್ಪು ಕೊಡು' ಅಂದರೆ ನೆರೆಮನೆಯವರು ಉಪ್ಪು ತರುತ್ತಾರೆ. ಹನೀಫ್ ಫೋನು ಬಂದರೆ ಹೊಟ್ಟೆ ಕೆಟ್ಟವನ ಹಾಗೆ ಬಚ್ಚಲಿಗೆ ಓಡುತ್ತಿದ್ದ.

ಮೊದಲ ದಿನ ಮಧ್ಯಾಹ್ನ ಅವನು ಕರೆದ. ಕೆಳಗಿನಿಂದ, ಶಾಹಿನಾಳ ದನಿಯಲ್ಲಿ, "ಮರಿಯಂ, ಬಾ." ಶಾಹಿನಾ ನನ್ನ ಪಕ್ಕದಲ್ಲೇ ತುಟಿ ಮುಚ್ಚಿ ಕೂತಿದ್ದಳು, ಅವಳ ದನಿ ಮಾತ್ರ ಅಂಗಳದಲ್ಲಿ ಮಗಳನ್ನು ಕರೆಯುತ್ತಿತ್ತು. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ದಿಂಬಿನಲ್ಲಿ ಮುಖ ಇಟ್ಟಳು. ಅವನು ಮತ್ತೆ ಕರೆದ. ನನ್ನನ್ನು ಕೇಳಿದರೆ, ಆ ಹೊತ್ತಿಗೆ ಪ್ರಪಂಚದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಯಾರೂ ಮಾಡುತ್ತಿರಲಿಲ್ಲ.

ಮರುದಿನವೂ ಕರೆದ. ಬೀಬಿಯ ಮೊಮ್ಮಗಳು ಬಂದು ಕೈಸನ್ನೆಯಲ್ಲಿ ಹೇಳಿ ಹೋದಳು, ತಿನ್ನುತ್ತಾನೆ, ಆದರೆ ಸ್ವಲ್ಪ. ಅದರ ಮರುದಿನ ಕಡಿಮೆ ಕರೆದ. ಆಮೇಲೊಂದು ದಿನ ಅಸರಿನ ಹೊತ್ತಿಗೆ ನಾವೆಲ್ಲ ಕೆಲಸ ನಿಲ್ಲಿಸಿ ಕಿವಿಗೊಟ್ಟು ಕೂತೆವು. ಕುಟ್ಟಾಣಿಯ ಶಬ್ದ ಬಂತು, ಅವನ ಉತ್ತರ ಬಂತು, ಬೀಬಿಯ ನಗು ಬಂತು. ಕರೆ ಬರಲಿಲ್ಲ.

ಶಾಹಿನಾ "ಅಲ್‌ಹಮ್ದುಲಿಲ್ಲಾ" ಎಂದಳು, ಪಿಸುಮಾತಿನಲ್ಲೇ. ಮರಿಯಂ ಖಾಲಿಯಾದ ಕಪಾಟಿನ ಬಾಗಿಲನ್ನು ತೆರೆದು, ಹಾಕಿ, ತೆರೆದು, ಹಾಕಿ ಮಾಡಿದಳು. ನಾನು ಬೇಡ ಅನ್ನಲಿಲ್ಲ.

ವಿಮಾನ ನಿಲ್ದಾಣದ ದಾರಿ

ಹೊರಟ ದಿನ ಜೋಸೆಫ್ ಕಾರು ತಂದರು. ಪೆಟ್ಟಿಗೆಗಳನ್ನು ಒಬ್ಬೊಬ್ಬರಾಗಿ ಬೆಕ್ಕಿನ ಹೆಜ್ಜೆಯಲ್ಲಿ ಇಳಿಸಿದೆವು. ಓಣಿಯ ತುದಿಯಲ್ಲಿ ಬೀಬಿ ನಿಂತಿದ್ದಳು. ಕರೆಯಲಿಲ್ಲ, ಮಾತಾಡಲಿಲ್ಲ. ಮರಿಯಂ ದೂರದಿಂದಲೇ ಬೆರಳುಗಳನ್ನು ಬಾಯಿಗೆ ತಾಗಿಸಿ, ತಿನ್ನುತ್ತಾನಾ ಎಂದು ಸನ್ನೆಯಲ್ಲಿ ಕೇಳಿದಳು. ಬೀಬಿ ಎದೆಯ ಮೇಲೆ ಕೈ ಇಟ್ಟು, ಹೊಟ್ಟೆ ತುಂಬ ಎಂದು ತೋರಿಸಿದಳು. ಆಮೇಲೆ ತನ್ನ ಎದೆಯ ಸೆರಗನ್ನು ಸವರಿ ತೋರಿಸಿದಳು. ಪುಕ್ಕ ಇದ್ದ ಹಾಗೇ ಇದೆ ಎಂದು.

ಮರಿಯಂ ಸಲಾಮಿಗೆ ಕೈ ಎತ್ತಿದಳು. ತುಟಿ ಅಲುಗಿತು, ದನಿ ಹೊರಡಿಸಲಿಲ್ಲ.

ಕಾರು ರೂವಿ ದಾಟಿತು. ಗುಡ್ಡಗಳು ಬಂದವು. ಹುಲ್ಲು ಕಡ್ಡಿ ಇಲ್ಲದ ಕಲ್ಲಿನ ಗುಡ್ಡಗಳು, ನಮ್ಮ ಸಂಪಾಜೆ ಘಾಟಿಯ ಚರ್ಮ ಸುಲಿದು ನಿಲ್ಲಿಸಿದ ಹಾಗೆ. ದೊಡ್ಡ ರಸ್ತೆಗೆ ಏರಿ ಬಹಳ ದೂರ ಬಂದ ಮೇಲೆ, ಹಿಂದಿನ ಸೀಟಿನಲ್ಲಿ ನನ್ನ ಮತ್ತು ಅವಳ ಉಮ್ಮ ಶಾಹಿನಾಳ ನಡುವೆ ಕೂತಿದ್ದ ಮರಿಯಂ, ಅದೇ ಪಿಸುದನಿಯಲ್ಲಿ ಕೇಳಿದಳು.

"ಉಪ್ಪಾ, ಇಲ್ಲಿಂದ ಅವನಿಗೆ ಕೇಳುದಿಲ್ಲ ಅಲ್ವಾ?"

ಮುಂದಿನ ಸೀಟಿನಿಂದ ಹನೀಫ್ ಹಿಂದಿರುಗಿ ನೋಡಿದ. "ಕೇಳುದಿಲ್ಲ ಮೋಳೇ."

ಅವಳು ನನ್ನ ಮಡಿಲಿನ ಮೇಲಿಂದ ಬಗ್ಗಿ ಕಿಟಕಿಯ ಗಾಜು ಇಳಿಸಿದಳು. ಬಿಸಿಗಾಳಿ ನುಗ್ಗಿತು. ಮುಖವನ್ನು ಹೊರಗೆ ಹಾಕಿ, ಎದೆಯಲ್ಲಿದ್ದ ಉಸಿರೆಲ್ಲ ಒಟ್ಟು ಮಾಡಿ, ಆ ಬೋಳು ಗುಡ್ಡಗಳಿಗೆ ತಾಗುವ ಹಾಗೆ ಅವನ ಹೆಸರು ಕೂಗಿದಳು. ಮತ್ತೆ ಕೂಗಿದಳು. ಗಂಟಲು ಒಡೆಯುವವರೆಗೂ ಕೂಗಿದಳು. ಎ.ಸಿ. ಹೋಗುತ್ತದೆ, ಗಾಜು ಹಾಕು ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ.